ಎಂಟರ ಗುಳಿಗೆ

"ಇವತ್ತ ಹೊತ್ತು ಎಷ್ಟಕ್ಕ ಮುಳುಗತೈತಿ?"

ಗಂಡ ತವನಪ್ಪನ ಹೆಣದ ಹಣೆಗೆ ಗಂಧ ಹಚ್ಚುತ್ತಲೇ ಕಮಲಾಬಾಯಿ ಅಂದಳು. ಯಾರನ್ನೂ ಕೇಳಿದ್ದಲ್ಲ, ದಿನಾ ಸಂಜೆ ಕೇಳಿ ಕೇಳಿ ನಾಲಿಗೆಗೆ ಬಿದ್ದ ರೂಢಿ.

"ಅಷ್ಟರಾಗ ಒಯ್ತಾರ ತಗೋರಿ ವೈನಿ," ಎಂದಳು ಪಕ್ಕದ ಮನೆಯ ಸುಂದರಾ.

ಶೇಡಬಾಳದ ಆ ಅಂಗಳದ ತುಂಬ ಮಂದಿ. ಒಳಗೆ ಹೆಂಗಸರ ಣಮೋಕಾರ ಮಂತ್ರ ಏರಿಳಿಯುತ್ತಿತ್ತು. ಬಸದಿಯ ಪಂಚರಲ್ಲೊಬ್ಬನಾದ ಭೂಪಾಲ ಹೆಣದ ಕಾಲ ಬಳಿ ಕೈಮುಗಿದು ನಿಂತ.

"ಎಂಥಾ ನೇಮದ ಮನಷ್ಯಾ! ಕಿಡ್ನಿ ಹಾಕಿಸಿಕೊಂಡ ಮ್ಯಾಲೂ, ಹೊತ್ತು ಮುಳುಗಿದರ ಒಂದ ಹನಿ ನೀರ ಮುಟ್ಟಲಿಲ್ಲ."

"ಹೌದ್ರಿ. ಗುಳಿಗೀನೂ ಮುಟ್ಟಲಿಲ್ಲ," ಅಂದಳು ಕಮಲಾಬಾಯಿ.

ಭೂಪಾಲನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿತು. "ನೋಡ್ರಿ ಮತ್ತ!" ಎಂದು ಮಂದಿಯ ಕಡೆ ತಿರುಗಿದ.

ಅವಳ ಕೈ ಸೀರೆಯ ಮೇಲಿಂದಲೇ ಎಡ ಪಕ್ಕೆಗೆ ಹೋಯಿತು. ಅಲ್ಲಿ ಹೊಲಿಗೆಯ ಗುರುತು.

*

ಡಾಕ್ಟರರು ಸಾಫ್ ಹೇಳಿದ್ದರು: ಇನ್ನೊಬ್ಬರ ಕಿಡ್ನಿಯನ್ನು ಮೈ ತನ್ನದೆನ್ನುವುದಿಲ್ಲ, ಹೊರಗೆ ತಳ್ಳಲು ನೋಡುತ್ತದೆ, ಗುಳಿಗೆಯೇ ಅದನ್ನು ತಡೆಯುವುದು. ಮುಂಜಾನೆ ಎಂಟು, ರಾತ್ರಿ ಎಂಟು, ಜೀವ ಇರುವ ತನಕ.

ತವನಪ್ಪ ರಾತ್ರಿಯದನ್ನು ಒಪ್ಪಲಿಲ್ಲ. ಬೇಸಿಗೆಯ ಉದ್ದ ಹಗಲಲ್ಲಿ, ಎಂಟರದನ್ನು ಏಳರೊಳಗೆ ನುಂಗಿ, ಎರಡೂ ಗುಳಿಗೆ ಹೇಗೋ ಹಿಡಿಸಿದವು. ಚಳಿಗಾಲಕ್ಕೆ ಹಗಲೇ ಸಾಲದಾಯಿತು. ಕಬ್ಬಿನ ಗಾಡಿ ತುಂಬಿಸಿ ಮನೆ ಮುಟ್ಟುವಷ್ಟರಲ್ಲಿ ಕತ್ತಲು. ಕಮಲಾಬಾಯಿ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಔಷಧಕ್ಕ ಅಡ್ಡಿ ಇಲ್ಲಂತ ಮುನಿ ಮಹಾರಾಜರ ಹೇಳ್ಯಾರಲ್ರಿ!"

"ಸಡಲ ಮಾಡಿದ ಗಂಟು ಬಿಚ್ಚಿಕೋತನ ಹೊಕ್ಕೈತಿ, ಕಮಲಾ. ನಾಳೆ ಮುಂಜಾನೆ ತಗೋತೀನಿ."

"ನೇಮ ನಿಮ್ಮದು. ಕಿಡ್ನಿ ನಂದೈತಿ!"

ಆತ ನಕ್ಕು ಜಪಮಾಲೆ ಹಿಡಿದು ಕೂಡುತ್ತಿದ್ದ. ಲಗ್ನವಾದಾಗಿನಿಂದ ಅವಳದೂ ಅದೇ ನೇಮ. ತಂಬಿಗೆಯ ನೀರು ಮಲ್ಲಿಗೆ ಬಳ್ಳಿಗೆ ಹೋಗುತ್ತಿತ್ತು.

ಮಾಘ ಮುಗಿಯುವ ಮೊದಲೇ ಮೈ ಆ ಕಿಡ್ನಿಯನ್ನು ಒಲ್ಲೆ ಅಂದಿತು.

*

ಸುಟ್ಟು ಬಂದ ಗಂಡಸರು ಸ್ನಾನ ಮುಗಿಸಿದಾಗ ಗೋಡೆಯ ಮೇಲೆ ಒಂದು ಗೇಣು ಬಿಸಿಲು ಉಳಿದಿತ್ತು. ಮಗ ವೃಷಭ ಒದ್ದೆ ತಲೆಯಲ್ಲೇ ತಂಬಿಗೆ ತಂದು ಅವಳ ಮುಂದೆ ಕುಳಿತ.

"ಅವ್ವಾ, ಮುಂಜಾನಿಂದ ಏನೂ ಮುಟ್ಟಿಲ್ಲ ನೀ. ಹೊತ್ತು ಮುಳುಗಾಕತ್ತೈತಿ, ಒಂದ ಗುಟುಕರ ಕುಡಿ."

"ಕುಡೀರಿ ವೈನಿ," ಎಂದ ಭೂಪಾಲ. "ಅವರ ನೇಮ ಇನ್ನ ನೀವ ನಡಸಬೇಕು."

ಕಮಲಾಬಾಯಿ ತಂಬಿಗೆ ತೆಗೆದುಕೊಂಡು, ಮೇಲೆ ತಾಟು ಮುಚ್ಚಿ, ತೊಡೆಯ ಪಕ್ಕದಲ್ಲಿ ಇಟ್ಟುಕೊಂಡಳು. ಗೋಡೆಯ ಬಿಸಿಲು ಎಲ್ಲರ ಕಣ್ಣೆದುರೇ ಆರಿತು.

"ಒಲ್ಲೆ," ಅಂದಳು. "ಎಂಟಕ್ಕ ಕುಡೀತೀನಿ."