ಮೂರು ಗಾಜಿನ ಲೋಟ

"ಇನ್ನೊಂದ್ ಸಲ ಮುಕ್ಕಳ್ಸು ನಿಂಗಿ, ಎಲೆಅಡ್ಕೆ ವಾಸ್ನೆ ಹೋಗ್ಬೇಕು," ಎಂದು ಶಿವರುದ್ರಮ್ಮ ಚೊಂಬನ್ನು ಎತ್ತರದಿಂದ ಬಗ್ಗಿಸಿದರು. ನಿಂಗಮ್ಮ ಬೊಗಸೆಯೊಡ್ಡಿ ನೀರು ಹಿಡಿದು, ಬಾಯಿ ಮುಕ್ಕಳಿಸಿ ತೆಂಗಿನ ಬುಡಕ್ಕೆ ಉಗಿದಳು. ಮೂರನೆಯ ಸಲಕ್ಕೆ ನೀರು ಕೆಂಪಿಲ್ಲದೆ ಬಂತು.

ಹಿತ್ತಿಲ ಜಗಲಿಯ ಮೇಲೆ ಮೂರು ಗಾಜಿನ ಲೋಟ. ಮೂರರಲ್ಲೂ ಹಾಲು ಸಕ್ಕರೆಯಿಲ್ಲದ ಕಾಫಿ. ಪಕ್ಕದಲ್ಲಿ ಬಾಯಿ ಕತ್ತರಿಸಿದ ಮೂರು ಕಾಫಿಪುಡಿ ಪೊಟ್ಟಣ. ಶಿವರುದ್ರಮ್ಮನ ಸೊಸೆ ಗಿರಿಜಾಂಬಿಕಾ ತವರಿಂದ ಬರುವಾಗ ತುಮಕೂರಿನ ಜನತಾ ಬಜಾರಿನಲ್ಲಿ ಕೊಂಡದ್ದು. ಅಲ್ಲಿ ಅಂಗಡಿಯವನನ್ನು ಕೇಳಬೇಕಾಗೇ ಇಲ್ಲವಂತೆ, ಯಾರು ಬೇಕಾದರೂ ಕೈಯಿಂದ ಮುಟ್ಟಿ ಎತ್ತಿಕೊಳ್ಳಬಹುದಂತೆ. ಬಂದಾಗಿನಿಂದ ಸೊಸೆ ಇದನ್ನೇ ಹೇಳುತ್ತಿದ್ದಳು.

ಇಪ್ಪತ್ತೆರಡು ವರ್ಷದಿಂದ ಈ ಮನೆಯ ಕಾಫಿ ಬೀಜವನ್ನು ಇದೇ ಹಿತ್ತಿಲಲ್ಲಿ ಹುರಿದು ಕುಟ್ಟುತ್ತಿದ್ದವಳು ನಿಂಗಮ್ಮ. ತೆಂಗಿನ ಚಿಪ್ಪಿನ ಕೆಂಡ, ಕಬ್ಬಿಣದ ಬಾಣಲೆ, ಕಲ್ಲಿನ ಒರಳು. ಒಣಪುಡಿಗೆ ಮೈಲಿಗೆಯಿಲ್ಲ, ಡಬ್ಬಿ ತುಂಬಿ ಒಳಗೆ ಹೋಗುತ್ತಿತ್ತು. ನೀರು ಬಿದ್ದ ಮೇಲೆ ಮಾತ್ರ ಅದು ಒಳಗಿನವರದು. ಹದಿನೈದು ದಿನಕ್ಕೊಮ್ಮೆ ಅವಳಿಗೆ ನಾಲ್ಕು ಸೇರು ರಾಗಿ, ಒಂದು ತೆಂಗಿನ ಚಿಪ್ಪು ಕಾಫಿ. ಆ ಚಿಪ್ಪು ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ತುಟಿ ತಾಗಿ ತಾಗಿ ಅದರ ಅಂಚು ಹಲ್ಲಿನಂತೆ ನುಣುಪಾಗಿತ್ತು.

ಈಗ ಸೊಸೆಗೆ ಹೊಗೆ ಆಗದು. ಅತ್ತೆಗೆ ಪೊಟ್ಟಣದ ಮೇಲೆ ನಂಬಿಕೆಯಿಲ್ಲ. "ನಿಂಗಿ ಒಪ್ಪಿದ್ರೆ ಪೊಟ್ಟಣ, ಇಲ್ದಿದ್ರೆ ಹುರಿಯೋದೇ," ಎಂದು ತೀರ್ಮಾನವಾಗಿತ್ತು. ಅದು ಕಿವಿಗೆ ಬಿದ್ದಾಗಲೇ ನಿಂಗಮ್ಮ ಉತ್ತರ ಕಟ್ಟಿಕೊಂಡಿದ್ದಳು: ಮೂರೂ ಕಸ. ಕೇರಿಯಿಂದ ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಆ ರಾಗಿ ತಪ್ಪಿದರೆ ಅವಳ ಒಲೆ ವಾರಗಟ್ಟಲೆ ತಣ್ಣಗಿರಬೇಕಿತ್ತು.

ಅವಳು ಸೂರಿನತ್ತ ಕೈಚಾಚಿದಳು.

"ಚಿಪ್ಪು ಬ್ಯಾಡ ಕಣೇ," ಎಂದರು ಶಿವರುದ್ರಮ್ಮ. "ಅದ್ರಲ್ಲಿ ಎಲ್ಲಾ ಕಾಯಿ ವಾಸ್ನೆನೇ ಬತ್ತದೆ. ಲೋಟದಲ್ಲೇ ಕುಡಿ."

"ಲೋಟದಲ್ಲಾ, ಅಮ್ಮಾರೇ?"

"ಮತ್ತೆ? ನಿನ್ ನಾಲ್ಗೆ ಮಾತು ಬೇಕಲ್ಲ ನಮ್ಗೆ."

ಗಾಜು ಬೆಚ್ಚಗಿತ್ತು. ತುಟಿಗೂ ಕಾಫಿಗೂ ನಡುವೆ ಏನೂ ಇಲ್ಲವೆನ್ನುವಷ್ಟು ತೆಳು. ಅತ್ತೆ ಸೊಸೆ ಇಬ್ಬರೂ ಅವಳ ಬಾಯನ್ನೇ ನೋಡುತ್ತ ನಿಂತರು. ನಿಂಗಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಇದು ಕಾಫಿನೇ ಅಲ್ಲ. ಬರೀ ಚಿಕೋರಿ. ಬೆಲ್ಲ ಸೀದಂಗೈತೆ." ಎರಡನೆಯದನ್ನು ಚಪ್ಪರಿಸಿದಳು. "ಬೀಜ ಒಳ್ಳೇದು, ಹುರ್ದೋನು ಸೋಂಬೇರಿ. ಬೆಂಕಿ ಹಾಕ್ಬುಟ್ಟು ಬೀಡಿ ಸೇದಕ್ಕೆ ಹೋಗವ್ನೆ."

"ಯಾವ ಬೀಡಿ ಅಂತನೂ ಹೇಳ್ಬುಡಿ ನಿಂಗಮ್ಮ!" ಎಂದು ಗಿರಿಜಾಂಬಿಕಾ ನಕ್ಕಳು. ಅತ್ತೆಯೂ ನಕ್ಕರು. ಈ ಹಿತ್ತಿಲಲ್ಲಿ ನಿಂಗಮ್ಮನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮೂರನೆಯದು. ಮೊದಲು ಕಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಎಳೆಯ ಹುಳಿ. ಬೀಜ ಎರಡನೆಯ ಸಲ ಚಟಗುಟ್ಟುವ ಹೊತ್ತಿಗೆ ಸರಿಯಾಗಿ ಯಾರೋ ಬಾಣಲೆ ಇಳಿಸಿದ್ದರು. ಅವಳೂ ಅದೇ ಗಳಿಗೆಗೆ ಇಳಿಸುತ್ತಿದ್ದಳು. ಕಾಣದ ಊರಿನಲ್ಲಿ ತನ್ನದೇ ಒಂದು ಕೈ ಕೆಲಸ ಮಾಡುತ್ತಿರುವಂತೆ ಅನಿಸಿತು. ಮೂರೂ ಕಸ ಎಂಬ ಮಾತು ಗಂಟಲವರೆಗೆ ಬಂದಿತ್ತು.

"ಇದು ಸರಿಯಾಗೈತೆ," ಎಂದಳು. "ನಂದ್ರಂಗೇ ಐತೆ. ಒಂದ್ ಗುಲಗಂಜಿ ಹೆಚ್ಗೇನೇ ಅನ್ನಿ."

"ನಾನ್ ಹೇಳ್ಲಿಲ್ವಾ ಅತ್ತೆ!" ಗಿರಿಜಾಂಬಿಕಾ ಆ ಪೊಟ್ಟಣವನ್ನು ಎತ್ತಿಕೊಂಡು ಒಳಗೆ ಓಡಿದಳು.

"ನೀನು ಸುಳ್ಳು ಹೇಳೋಳಲ್ಲ ಅಂತ ಗೊತ್ತಿತ್ತು," ಎಂದರು ಶಿವರುದ್ರಮ್ಮ. "ಇನ್ಮೇಲೆ ಹೊಗೆ ಕುಡಿಯೋದು ತಪ್ತು ಬುಡು ನಿಂಗೆ."

ನಿಂಗಮ್ಮ ಮೂರನೆಯ ಲೋಟವನ್ನು ತಳ ಕಾಣುವವರೆಗೆ ಕುಡಿದಳು. ಮೂರನ್ನೂ ತೊಳೆದು ತಂದಳು. "ಎಲ್ಲಿಡಾಣ ಅಮ್ಮಾರೇ?"

ಶಿವರುದ್ರಮ್ಮ ಒಮ್ಮೆ ಅಡುಗೆಮನೆಯ ಹೊಸ್ತಿಲು ನೋಡಿದರು, ಒಮ್ಮೆ ಲೋಟ ನೋಡಿದರು. "ನೀನೇ ತಗೊಂಡೋಗು. ಇನ್ನೇನ್ ಒಳೀಕ್ ತರಕ್ಕಾಯ್ತದಾ? ಹೊಸವು ಕಣೇ, ಒಂದೂ ಬಿರುಕಿಲ್ಲ."

ನಿಂಗಮ್ಮ ಲೋಟಗಳನ್ನು ಒಂದೊಂದಾಗಿ ಜಗಲಿಯ ಮೇಲಿಟ್ಟಳು. ಕೊನೆಯದು ಹಿತ್ತಾಳೆ ಚೊಂಬಿಗೆ ತಗುಲಿ ಸಣ್ಣಗೆ ಸದ್ದಾಯಿತು. ಚೊಂಬಿಗೆ ಕೈಚಾಚಿದ್ದ ಶಿವರುದ್ರಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡರು.

"ತಗೊಳೇ. ನೆಂಟ್ರು ಬಂದ್ರೆ ಆಯ್ತದೆ."

"ನಂಗ್ ಬ್ಯಾಡ," ಎಂದಳು ನಿಂಗಮ್ಮ.