ವಾರುಣಿಯ ಅಕ್ಷರ

ಆ ‘ಳ’ಕಾರದ ಕೊನೆಯಲ್ಲೊಂದು ಸುರುಳಿಯಿತ್ತು, ಕಿವಿಯ ಬಳಿ ಇಳಿಬಿಟ್ಟ ಗುಂಗುರು ಕೂದಲಿನಂತೆ. ಹಾಲಿನಂಗಡಿಯ ಬೋರ್ಡು, ನಾಮಕರಣದ ಬ್ಯಾನರು, ಗೋಡೆಗೆ ಹಚ್ಚಿದ ಶ್ರದ್ಧಾಂಜಲಿ, ಎಲ್ಲದರಲ್ಲೂ ಅದೇ. ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಅದನ್ನು ಬರೆದವಳು ವಾರುಣಿ, ನನ್ನ ಜೊತೆ ಡಿಗ್ರಿ ಓದಿದವಳು. ಕನ್ನಡ ಟೈಪು ಮಾಡುವ ತಂತ್ರಾಂಶವೊಂದನ್ನು ತಾನೇ ಕಟ್ಟಿ, ಅಕ್ಷರಗಳನ್ನೂ ತಾನೇ ಬರೆದು, ಸಿ.ಡಿ.ಯಲ್ಲಿ ಮಾರಲು ಹೊರಟಿದ್ದಳು. ನಾನೋ, ಡೈರಿಯಲ್ಲಿ ಬರೆದದ್ದನ್ನು ಯಾರಿಗೂ ತೋರಿಸದೆ ಮುಚ್ಚಿಡುವವಳು. ಊರೆಲ್ಲ ಅವಳ ಅಕ್ಷರ ಹಬ್ಬಿದಂತೆ ಅವಳ ಮನೆಯಲ್ಲಿ ದುಡ್ಡು ಸುರಿಯುತ್ತಿದೆಯೆಂದುಕೊಂಡು, ಆ ಬೀದಿಗೆ ಹೋಗುವುದನ್ನೇ ಬಿಟ್ಟೆ.

ನನ್ನ ಮದುವೆ ಗೊತ್ತಾದಾಗ ಒಂದೇ ಹಟ ಹಿಡಿದೆ: ಲಗ್ನಪತ್ರಿಕೆಯಲ್ಲಿ ಅವಳದೊಂದು ಅಕ್ಷರವೂ ಇರಕೂಡದು. ಅಂಗಡಿಯಿಂದ ಅಂಗಡಿಗೆ ಅಲೆದೆ. ಎಲ್ಲಿ ಹೋದರೂ ಆ ಸುರುಳಿಯೇ. ಕೊನೆಗೆ ಈರಣ್ಣನವರ ಡಿ.ಟಿ.ಪಿ. ಅಂಗಡಿಗೆ ಬಂದೆ.

“ಬೇರೆ ಅಕ್ಷರ ಇಲ್ವಾ?”

“ಯಾಕಮ್ಮಾ, ಇದಕ್ಕೇನಾಗಿದೆ? ಮುತ್ತು ಪೋಣಿಸಿದ ಹಾಗಿದೆ!”

“ತುಂಬಾ ದುಡ್ಡು ಕೊಟ್ಟಿರಬೇಕು ಇದಕ್ಕೆ.”

ಈರಣ್ಣ ಹೊಟ್ಟೆ ಕುಣಿಸಿ ನಕ್ಕರು. “ದುಡ್ಡಾ! ಪಕ್ಕದಂಗಡಿಯವನು ಒಂದು ಸಿ.ಡಿ. ತಂದ, ನಾವೆಲ್ಲ ಕಾಪಿ ಹೊಡ್ಕೊಂಡ್ವಿ. ಕಂಪ್ಯೂಟರ್ ಒಳಗಿರೋದಕ್ಕೆಲ್ಲ ಯಾರಮ್ಮಾ ಕಾಸು ಕೊಡ್ತಾರೆ? ಏ ವಾರುಣಮ್ಮ, ಇವರ ಮ್ಯಾಟರ್ ತಗೋ.”

ಕಂಪ್ಯೂಟರ್ ಪರದೆಯ ಹಿಂದಿನಿಂದ ಎದ್ದ ಮುಖ ಅವಳದೇ.

ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಟೈಪು ಮಾಡತೊಡಗಿದಳು. ಈರಣ್ಣ ಚಹಾಕ್ಕೆಂದು ಹೊರಗೆ ಹೋದ ಮೇಲೆ ಕೇಳಿದೆ:

“ಇದು ನಿಂದೇ ಅಂತ ಅವರಿಗೆ ಗೊತ್ತಿಲ್ವೇನೇ?”

“ಹೇಳಿಬಿಟ್ಟೀಯ ಮಾರಾಯ್ತಿ! ಗೊತ್ತಾದ್ರೆ ಮುಜುಗರಪಟ್ಟುಕೊಂಡು ನನ್ನನ್ನೇ ಕೆಲಸದಿಂದ ಬಿಡಿಸ್ತಾರೆ. ನನ್ನ ಕಂಪ್ಯೂಟರಂತೂ ಸಾಲಕ್ಕೆ ಹೋಯ್ತು. ಒತ್ತಕ್ಷರಗಳನ್ನ ಸರಿಮಾಡಿ ಇನ್ನೊಂದು ಸಿ.ಡಿ. ತರಬೇಕು ಅಂತಿದ್ದೆ. ಈಗ ಯಾರು ಕೊಳ್ತಾರೆ ಹೇಳು?”

ಪರದೆಯಲ್ಲಿ ನನ್ನ ಹೆಸರಿನ ಎರಡು ಒತ್ತುಗಳು ಒಂದರ ಮೇಲೊಂದು ಬಿದ್ದಿದ್ದವು. ಉಳಿದ ಅಂಗಡಿಯವರು ಹಾಗೆಯೇ ಅಚ್ಚು ಹಾಕಿಬಿಡುತ್ತಿದ್ದರು. ಅವಳು ಮಾತ್ರ ಒಂದೊಂದನ್ನೇ ಹಿಡಿದು ಕೂದಲೆಳೆಯಷ್ಟು ಸರಿಸುತ್ತ ಕೂತಳು.

ಅಯ್ಯೋ ಅನ್ನಿಸಬೇಕಿತ್ತು; ಅನ್ನಿಸಿತು ಕೂಡ. ಆದರೆ ಕಿಚ್ಚು ಆರಲಿಲ್ಲ. ಊರಿಗೆ ಊರೇ ಕದಿಯುವಂಥದ್ದೊಂದು ಅವಳ ಕೈಯಲ್ಲಿ ಹುಟ್ಟಿತ್ತು.

“ಬೇರೆ ಅಕ್ಷರ ಬೇಕಂದ್ಯಲ್ಲ, ಹುಡುಕಲಾ?” ಅವಳು ತಲೆಯೆತ್ತದೆ ಕೇಳಿದಳು.

“ಬೇಡ, ಇದೇ ಇರಲಿ,” ಅಂದೆ.

ಅವಳು ಪ್ರಿಂಟರಿನಿಂದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಧೂಳು ಬಿದ್ದ ಮಗುವಿನ ಕಣ್ಣಿಗೆ ಊದುವ ಹಾಗೆ, ಹಸಿ ಶಾಯಿಯ ಮೇಲೆ ಮೆಲ್ಲಗೆ ಊದಿದಳು.