ಹನ್ನೆರಡೂವರೆಯ ನೆರಳು

ಟೈಲರಜ್ಜಿಯ ಕೈಯನ್ನು ಶಾಲೆಯ ಗೇಟಿನಲ್ಲೇ ಕಟ್ಟಿಹಾಕಿದರು. ಹಗ್ಗದಿಂದಲ್ಲ, ಮಾತಿನಿಂದ.

"ಅಜ್ಜಿ, ಇವತ್ತು ದೊಡ್ಡವರು ಯಾರೂ ಕೆಲಸ ಮುಟ್ಟೋ ಹಾಗಿಲ್ಲ. ಕೈ ಬೆನ್ನ ಹಿಂದೆ ಇರಬೇಕು. ಹೀಗೆ ಮಾಡು, ಹಾಗೆ ಮಾಡು ಅಂತ ಹೇಳೋ ಹಾಗೂ ಇಲ್ಲ. ಬೇಕಾದ್ರೆ ಪ್ರಶ್ನೆ ಕೇಳಬಹುದು," ಎಂದರು ವಿಜ್ಞಾನದ ಟೀಚರ್.

"ಎಷ್ಟು ಬೇಕಾದ್ರೂ ಕೇಳಬಹುದಾ?"

"ಎಷ್ಟು ಬೇಕಾದ್ರೂ."

"ಹಾಗಾದ್ರೆ ಬಿಡಿ. ನಮ್ಮತ್ತೆ ಬರೀ ಪ್ರಶ್ನೆಯಲ್ಲೇ ಮೂವತ್ತು ವರ್ಷ ಮನೆ ನಡೆಸಿದ್ರು," ಎಂದು ಅಜ್ಜಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಒಳಗೆ ನಡೆದಳು.

ಟೀಚರ್ ಸುಮ್ಮನೆ ಈ ಕಟ್ಟುಪಾಡು ಹಾಕಿರಲಿಲ್ಲ. ವರ್ಷಕ್ಕೊಮ್ಮೆ ಆ ಪ್ರಾಥಮಿಕ ಶಾಲೆಯಲ್ಲಿ 'ಮಾಡಿ ನೋಡುವ ದಿನ' ನಡೆಯುತ್ತದೆ. ಒಂದೊಂದು ತರಗತಿಯೂ ಶಾಲೆಗೆ ಬೇಕಾದ ಒಂದೊಂದು ವಸ್ತುವನ್ನು ತಾನೇ ಕಟ್ಟಬೇಕು, ಸುತ್ತಲ ಬೀದಿಗಳಲ್ಲಿ ಕಸುಬು ಬಲ್ಲವರು ಬಂದು ಜೊತೆಗೆ ನಿಲ್ಲಬೇಕು. ಹೋದ ವರ್ಷ ಅಪ್ಪಂದಿರೇ ಮುಂದೆ ಬಿದ್ದು ಹಕ್ಕಿಗೂಡು ಮಾಡಿದರು. ಮಕ್ಕಳು ಮೊಳೆಯ ಡಬ್ಬಿ ಹಿಡಿದು ನಿಂತರು. ಯಾರ ಗೂಡು ಚೆಂದ ಎಂಬ ಮಾತಿಗೆ ಇಬ್ಬರು ಅಪ್ಪಂದಿರು ಆರು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದರು. ಹಕ್ಕಿ ಮಾತ್ರ ಒಂದೂ ಬರಲಿಲ್ಲ.

ಈ ಸಲ ನಾಲ್ಕನೇ ತರಗತಿಯ ಪಾಲಿಗೆ ಬಂದದ್ದು ನೆರಳು. ಅಂಗಳದ ಪಡುವಣ ಗೋಡೆಯಿಂದ ಮೂರಡಿ ಈಚೆಗೆ ಒಂದು ಉದ್ದನೆಯ ಸಿಮೆಂಟು ಬೆಂಚಿದೆ. ಒಂದನೇ ತರಗತಿಯ ಚಿಕ್ಕವರು ಮಧ್ಯಾಹ್ನ ಅಲ್ಲಿಯೇ ಸಾಲಾಗಿ ಕೂತು ಊಟ ಮಾಡುತ್ತಾರೆ, ನೆತ್ತಿಯ ಮೇಲೆ ಸುಡುವ ಬಿಸಿಲು ಹೊತ್ತುಕೊಂಡು. ಅಜ್ಜಿಯ ಮೊಮ್ಮಗಳೂ ಮೂರು ವರ್ಷದ ಹಿಂದೆ ಅಲ್ಲೇ ಕೂತು, ಡಬ್ಬಿಯ ಮುಚ್ಚಳವನ್ನು ತಲೆಯ ಮೇಲಿಟ್ಟುಕೊಂಡು ಉಂಡವಳು. ಅವಳನ್ನು ಅಜ್ಜಿ ಕರೆಯುತ್ತಿದ್ದುದು ಗುಂಡುಸೂಜಿ ಎಂದು: ನೋಡಲು ಇಷ್ಟೇ ಇಷ್ಟು, ತಾಕಿದರೆ ಚುರುಕ್.

ಲಾರಿಯವರೊಬ್ಬರು ಶಾಲೆಗೆ ಒಂದು ಗಟ್ಟಿ ಟಾರ್ಪಾಲು ಕೊಟ್ಟಿದ್ದರು. ಅದರ ಮೇಲೆ ಕಣ್ಣಿಟ್ಟವರು ಇನ್ನೂ ಇದ್ದರು. ಟೀಚರುಗಳ ಗಾಡಿ ನಿಲ್ಲಿಸುವ ಜಾಗಕ್ಕೆ ಅದು ಹೇಳಿ ಮಾಡಿಸಿದಂತಿದೆ ಎಂದು ಕಾವಲುಗಾರ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೊನೆಗೆ ಹೆಡ್‌ಮಿಸ್ ತೀರ್ಪು ಕೊಟ್ಟರು: ಈ ದಿನ ಊಟದ ಗಂಟೆ ಹೊಡೆದಾಗ ಬೆಂಚಿನ ಮೇಲೆ ನೆರಳಿದ್ದರೆ ಟಾರ್ಪಾಲು ಚಿಕ್ಕವರಿಗೆ, ಇಲ್ಲದಿದ್ದರೆ ಗಾಡಿಗಳಿಗೆ. ಗುಂಡುಸೂಜಿ ಇಡೀ ಶಾಲೆಯ ಎದುರು ಎದ್ದು ನಿಂತು, "ಇರತ್ತೆ ಮಿಸ್. ಬರೆದಿಟ್ಕೊಳ್ಳಿ," ಎಂದಿದ್ದಳು.

ವಾರವಿಡೀ ಮಕ್ಕಳು ಟಾರ್ಪಾಲಿನ ಅಂಚು ಮಡಿಸಿ, ದಬ್ಬಣದಲ್ಲಿ ಹೊಲಿದು, ಮೂಲೆಗೆ ಕಬ್ಬಿಣದ ರಿಂಗು ಕೂರಿಸಿದ್ದರು. ಹೊಲಿಗೆ ಕೋಳಿ ನಡೆದ ಹಾದಿಯ ಹಾಗಿತ್ತು, ಆದರೆ ಗಟ್ಟಿಯಿತ್ತು. ಅಜ್ಜಿ ಎಳೆದು ನೋಡಿ ತಲೆದೂಗಿದಳು.

ಬೆಳಗಿನ ಒಂಬತ್ತಕ್ಕೆ ಮಕ್ಕಳು ಒಂಬತ್ತಡಿಯ ನಾಲ್ಕು ಪೈಪುಗಳಿಗೆ ಟಾರ್ಪಾಲು ಬಿಗಿದು ಎತ್ತಿ ನಿಲ್ಲಿಸಿದರು. "ಸ್ವಲ್ಪ ಈ ಕಡೆ! ಇನ್ನೂ ಸ್ವಲ್ಪ! ಸಾಕು, ಸಾಕು!" ಎಂದು ಗುಂಡುಸೂಜಿ ಕೂಗುತ್ತಾ, ನೆರಳು ಬೆಂಚಿನ ತಲೆಯಿಂದ ಕಾಲಿನವರೆಗೆ ಸರಿಯಾಗಿ ಹೊದೆಯುವಂತೆ ಮಾಡಿದಳು. ಹಿಂದಿನ ಗೋಡೆಗೂ ಎರಡಡಿ ನೆರಳು ಹತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೈಪು ನಿಂತ ಕಡೆ ಸುಣ್ಣದ ಗುರುತು ಬಿತ್ತು, ಮಕ್ಕಳು ಗುಂಡಿ ತೋಡಿದರು, ಪೈಪು ಇಳಿಸಿ ಸುತ್ತ ಕಲ್ಲು ಒತ್ತಿದರು. ಇನ್ನು ಸಿಮೆಂಟು ಸುರಿಯುವುದೊಂದೇ ಬಾಕಿ. ಅದನ್ನು ಮಕ್ಕಳ ಕೈಗೆ ಕೊಡುವಂತಿಲ್ಲವೆಂದು ಗಾರೆಮಾವನಿಗೆ ಮಾತ್ರ ಕೈ ಬಿಚ್ಚುವ ಅಪ್ಪಣೆ ಸಿಕ್ಕಿತ್ತು. ಅವನು ನಲ್ಲಿಯ ಹತ್ತಿರ ಮರಳು ಜರಡಿ ಹಿಡಿಯುತ್ತಿದ್ದ.

ಅಜ್ಜಿ ಒಮ್ಮೆ ಟಾರ್ಪಾಲನ್ನು ನೋಡಿದಳು, ಒಮ್ಮೆ ಬೆಂಚನ್ನು ನೋಡಿದಳು. ಆಮೇಲೆ ಮೂಡಣದಲ್ಲಿ ಏರುತ್ತಿದ್ದ ಸೂರ್ಯನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

ಟಾರ್ಪಾಲು ಇದ್ದದ್ದು ಬೆಂಚಿನ ಮೇಲಲ್ಲ. ಬೆಂಚಿನಿಂದ ಏಳೆಂಟು ಅಡಿ ಮೂಡಣಕ್ಕೆ. ಬೆಳಗಿನ ಓರೆ ಬಿಸಿಲಿಗೆ ಅದರ ನೆರಳು ಉದ್ದಕ್ಕೆ ಬಂದು ಬೆಂಚಿನ ಮೇಲೆ ಮಲಗಿತ್ತು.

ಇದು ಅವಳಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ನಲವತ್ತು ವರ್ಷ ಅವಳು ಅಂಗಡಿ ಜಗಲಿಯ ಮೇಲೆ ಹೊಲಿದವಳು. ಹೊಲಿಗೆಗೆ ಬೆಳಕು ಬೇಕು, ಬಿಸಿಲು ಬೇಡ. ಬಿಸಿಲು ಬಿದ್ದರೆ ಬಟ್ಟೆ ಬಣ್ಣಗೆಡುತ್ತದೆ, ಸೂಜಿ ಮಿಂಚಿ ಕಣ್ಣು ಕುಕ್ಕುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಸಲ ಮಿಷನ್ನು ಎಳೆದು ಕೂರಿಸುತ್ತಿದ್ದಳು. ಜಗಲಿಯ ನೆಲದಲ್ಲಿ ಮಿಷನ್ನಿನ ಕಾಲುಗಳ ಗುಳಿ ನಾಲ್ಕು ಕಡೆ ಬಿದ್ದಿದ್ದವು. ಗಡಿಯಾರ ಕೆಟ್ಟ ದಿನ ಬೀದಿಯವರು ಆ ಗುಳಿ ನೋಡಿ ಹೊತ್ತು ಹೇಳುತ್ತಿದ್ದರು. ದೇವರು ನೆರಳನ್ನು ಯಾವ ಜಾಗದ ಹೆಸರಿಗೂ ಬರೆದುಕೊಟ್ಟಿಲ್ಲ ಎಂಬುದು ಅವಳಿಗೆ ಸೊಂಟ ನೋವಿನಿಂದಲೇ ಗೊತ್ತಿತ್ತು.

ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಕೊಟ್ಟ ಮಾತು ಅಡ್ಡ ನಿಂತಿತು.

"ಏ ಗುಂಡುಸೂಜಿ, ಊಟದ ಗಂಟೆ ಎಷ್ಟಕ್ಕೆ?"

"ಹನ್ನೆರಡೂವರೆಗೆ ಅಜ್ಜಿ. ನಿಂಗಾಗಲೇ ಹಸಿವಾ?" ಎಂದು ಮೊಮ್ಮಗಳು ಗುದ್ದಲಿ ಹಿಡಿದು ಓಡಿದಳು.

ಒಂದು ಪ್ರಶ್ನೆ ವ್ಯರ್ಥವಾಯಿತು. ಅಜ್ಜಿ ಕಣ್ಣು ಮುಚ್ಚಿ, ಹೊಸ ಬಟ್ಟೆಗೆ ಕತ್ತರಿ ಇಡುವ ಮುಂಚೆ ನೆನೆಯುವಂತೆ ದೇವರನ್ನು ಒಂದು ಗಳಿಗೆ ನೆನೆದಳು. ಆಮೇಲೆ ಬೆಂಚಿನ ಪಕ್ಕಕ್ಕೆ ಒಂದು ಕುರ್ಚಿ ಹಾಕಿಸಿಕೊಂಡು, ನೆರಳಿನಲ್ಲಿ ನೆಮ್ಮದಿಯಾಗಿ ಕೂತಳು.

ಕಾಲು ಗಂಟೆ ಕಳೆಯಿತು. "ಏನಮ್ಮ, ನನ್ನ ಕುರ್ಚಿ ಸ್ವಲ್ಪ ಸರಿಸ್ತೀಯಾ? ಬೆನ್ನಿಗೆ ಬಿಸಿಲು ತಾಗ್ತಿದೆ."

ಗುಂಡುಸೂಜಿ ಬಂದು ಕುರ್ಚಿಯನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದಳು.

ಮತ್ತೆ ಕಾಲು ಗಂಟೆ. "ಇನ್ನೊಂಚೂರು ಸರಿಸ್ತೀಯಾ ಕಂದ?"

"ಈಗ ತಾನೇ ಸರಿಸಿದ್ನಲ್ಲಜ್ಜಿ!"

"ಸರಿಸಿದ್ದೆ ನಿಜ. ಆದ್ರೂ ಬಿಸಿಲು ಯಾಕೆ ಬಂತೋ?"

ಕಾವಲುಗಾರ ಗೇಟಿನ ಕಡೆಯಿಂದ ನಕ್ಕ. "ಅಜ್ಜಿಗೆ ಒಂದು ಕೊಡೆ ಕೊಟ್ಬಿಡ್ರಪ್ಪಾ, ಟಾರ್ಪಾಲು ನಮಗೇ ಉಳೀಲಿ."

"ನಿನ್ನ ಸ್ಕೂಟರಿಗೆ ಬಿಸಿಲು ತಾಗಿದ್ರೆ ಅದೇನು ಕಪ್ಪಾಗತ್ತಾ?" ಎಂದು ಅಜ್ಜಿ ಕೇಳಿದಳು. ಅದೂ ಪ್ರಶ್ನೆಯೇ, ಟೀಚರ್ ಏನೂ ಅನ್ನುವಂತಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಗಾರೆಮಾವ ಸಿಮೆಂಟು ಕಲಸಿ ಮುಗಿಸಿದ. ಮೊದಲ ಬಾಂಡ್ಲಿ ಹೊತ್ತು ಬಂದು ಗುಂಡಿಯ ಬಾಯಿಗೆ ತಂದು ಇಳಿಸಿದ. "ಸುರೀಲಾ ಮೇಡಂ?" ಎಂದು ಗುಂಡುಸೂಜಿಯನ್ನು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕರೆ ಬಂತು.

"ಕಂದಾ, ಕುರ್ಚಿ..."

"ಅಜ್ಜೀ! ಒಂದ್ಕಡೆ ಕೂತ್ಕೊಳ್ಳೋಕೆ ಆಗಲ್ವಾ ನಿಂಗೆ? ಎಷ್ಟು ಸಲ ಸರಿಸ್ಲಿ?" ಮೊಮ್ಮಗಳು ಕಾಲು ಅಪ್ಪಳಿಸುತ್ತಾ ಬಂದಳು. ಮುಖ ಕೆಂಪಾಗಿತ್ತು.

"ನಾನು ಕೂತಲ್ಲೇ ಕೂತಿದ್ದೀನಲ್ಲಮ್ಮ. ಎದ್ದು ಹೋಗ್ತಿರೋದು ಯಾರು?"

ಗುಂಡುಸೂಜಿ ಕುರ್ಚಿಯ ಬೆನ್ನಿಗೆ ಕೈ ಹಾಕಿದವಳು ಹಾಗೆಯೇ ನಿಂತಳು. ನೆಲದ ಮೇಲೆ ಕುರ್ಚಿ ಎಳೆದ ಗೀರುಗಳಿದ್ದವು. ಮೊದಲನೆಯ ಗೀರು ಬೆಂಚಿನ ಪಕ್ಕದಲ್ಲಿ, ಎರಡನೆಯದು ಅದರಿಂದ ಈಚೆಗೆ. ಅವಳು ಆ ಗೀರುಗಳನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತಾ ಹೋಗಿ ಬೆಂಚಿನ ಮೇಲೆ ಕಣ್ಣಿಟ್ಟಳು. ಬೆಂಚು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಗಲದ ನೆರಳೂ ಇರಲಿಲ್ಲ. ಗುಂಡಿ, ಕಲ್ಲು, ಮರಳಿನ ಗಲಾಟೆಯಲ್ಲಿ ಇಡೀ ಅಂಗಳದಲ್ಲಿ ಒಬ್ಬರೂ ಅತ್ತ ನೋಡಿರಲಿಲ್ಲ.

"ಮಾವಾ!" ಎಂದು ಅವಳು ಕಿರುಚಿದ ಏಟಿಗೆ ಗಾರೆಮಾವನ ಕೈಯಲ್ಲಿದ್ದ ಕರಣೆ ಜಾರಿತು. "ಸುರೀಬೇಡಿ! ಸುರೀಬೇಡಿ!"

ಜನ ಸುತ್ತ ಸೇರಿದರು. ಇಲ್ಲಿ ಮಗು ಅತ್ತುಬಿಟ್ಟರೆ ತಾನು ಕೈ ಬಿಚ್ಚಿ ಎತ್ತಿಕೊಳ್ಳುವುದೇ ಸೈ, ಯಾವ ಟೀಚರ್ ಬೇಕಾದರೂ ಬೈಯಲಿ ಎಂದುಕೊಂಡಳು ಅಜ್ಜಿ. ಮಗು ಅಳಲಿಲ್ಲ.

"ನಾವು ತಪ್ಪು ಮಾಡಿದ್ದೀವಿ," ಎಂದಳು ಗಟ್ಟಿಯಾಗಿ. "ನಾವು ಅಳೆದಿದ್ದು ಒಂಬತ್ತು ಗಂಟೆ ನೆರಳು. ಚಿಕ್ಕವರು ಊಟ ಮಾಡೋದು ಹನ್ನೆರಡೂವರೆಗೆ. ಆಗ ಅದು ಇಲ್ಲಿರಲ್ಲ."

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಬೆಳಿಗ್ಗೆ ಚಪ್ಪಾಳೆ ತಟ್ಟಿದವರೇ.

"ಹಾಗಾದ್ರೆ ಮುಗೀತು," ಎಂದು ಕಾವಲುಗಾರ ಕೈ ಉಜ್ಜಿಕೊಂಡ. "ಟಾರ್ಪಾಲು ಬಿಚ್ಚಿ."

"ಹನ್ನೆರಡೂವರೆ ಇನ್ನೂ ಆಗಿಲ್ಲವಲ್ಲ ಮಾಮ," ಎಂದಳು ಗುಂಡುಸೂಜಿ.

"ಕಲಸಿದ ಸಿಮೆಂಟು ಗಂಟೆಗಟ್ಲೆ ಕಾಯಲ್ಲ ಮೇಡಂ," ಎಂದ ಗಾರೆಮಾವ. ನಲ್ಲಿಯ ಹತ್ತಿರದ ಮೆಟ್ಟಿಲು ಒಡೆದು ವರ್ಷವಾಗಿತ್ತು. ಮಕ್ಕಳು ಅದನ್ನು ತೋರಿಸಿದರು, ಬಾಂಡ್ಲಿ ಅತ್ತ ಹೊರಟಿತು. ಹಾಳಾಗಲಿಲ್ಲ ಎಂಬ ಸಮಾಧಾನಕ್ಕೆ ಮಾವ ಸಿಳ್ಳೆ ಹಾಕುತ್ತಾ ಮೆಟ್ಟಿಲು ಮೆತ್ತತೊಡಗಿದ.

ಈಗ ಹೊಸ ಗುಂಡಿ ಎಲ್ಲಿ ತೋಡುವುದು? "ನೇರ ಬೆಂಚಿನ ಮೇಲೆ ಬರೋ ಹಾಗೆ ತೋಡೋಣ," ಎಂದ ಒಬ್ಬ. "ಅರ್ಧ ದಾರೀಲಿ ತೋಡೋಣ," ಎಂದಳು ಇನ್ನೊಬ್ಬಳು. ಗುಂಡುಸೂಜಿ ತಲೆ ಅಲ್ಲಾಡಿಸಿದಳು. ಒಂದು ಸಲ ಅಂದಾಜಿಗೆ ಮೋಸಹೋದವಳು ಅವಳು.

"ತೋಡೋದೇ ಬೇಡ. ಹನ್ನೆರಡೂವರೆಗೆ ಕಂಬ ಕೈಯಲ್ಲಿ ಹಿಡ್ಕೊಂಡು ನಿಂತ್ಕೊಳ್ಳೋಣ. ನೆರಳು ಬೆಂಚಿನ ಮೇಲೆ ಬರೋವರೆಗೂ ಕಂಬಾನೇ ನಡೆಸೋಣ. ಎಲ್ಲಿ ನಿಲ್ಲತ್ತೋ ಅಲ್ಲೇ ಗುರುತು." ಅವಳು ಪೈಪಿನ ಎತ್ತರ ನೋಡಿ, ತನ್ನ ತೋಳು ನೋಡಿಕೊಂಡು, ವಿಜ್ಞಾನದ ಟೀಚರ್ ಕಡೆ ತಿರುಗಿದಳು. "ಟೀಚರ್, ಊಟ ಮುಗಿಯೋವರೆಗೂ ಹಿಡಿಯೋಕೆ ನಮ್ಮ ಕೈಲಾಗಲ್ಲ. ದೊಡ್ಡವರು ಹಿಡ್ಕೋಬಹುದಾ? ಅವರು ಕೆಲಸ ಮಾಡೋದಲ್ಲ. ಬರೀ ಕಂಬ ಆಗೋದು."

ಟೀಚರ್ ನಗು ತಡೆದುಕೊಂಡು ಯೋಚಿಸಿದರು. "ಆಗಲಿ. ಆದ್ರೆ ಕಂಬಕ್ಕೆ ಬಾಯಿ ಇರಲ್ಲ. ನೆನಪಿರಲಿ."

ಮಕ್ಕಳು ಕಲ್ಲು ತೆಗೆದು ಪೈಪುಗಳನ್ನು ಗುಂಡಿಯಿಂದ ಎತ್ತಿದರು, ಹನ್ನೆರಡೂಕಾಲಿಗೆ ನಾಲ್ಕು ಕಂಬಗಳು ಸಿದ್ಧವಾದವು. ಒಂದಕ್ಕೆ ಗಾರೆಮಾವ, ಒಂದಕ್ಕೆ ಬಸ್ಸಿನ ಡ್ರೈವರ್ ಅಪ್ಪ. ಮೂರನೆಯದಕ್ಕೆ ಯಾರೂ ಸಿಗದೆ ಗುಂಡುಸೂಜಿ ಕಾವಲುಗಾರನ ಎದುರು ಹೋಗಿ ನಿಂತಳು. "ಮಾಮ, ನಮ್ಮಲ್ಲಿ ನಿಮ್ಮಷ್ಟು ಎತ್ತರ ಯಾರೂ ಇಲ್ಲ." ಅವನು ಮೀಸೆ ತಿರುವಿ, ಗೊಣಗಿ, ಕೊನೆಗೆ ಬಂದು ಹಿಡಿದ. ನಾಲ್ಕನೆಯದನ್ನು ಹೆಡ್‌ಮಿಸ್ ತಾವೇ ಕೈಗೆತ್ತಿಕೊಂಡರು. "ತೀರ್ಪು ಕೊಟ್ಟೋಳು ನಾನು, ಹತ್ತಿರದಿಂದಲೇ ನೋಡ್ತೀನಿ," ಎಂದರು.

ಗಂಟೆ ಹೊಡೆಯಿತು. ಚಿಕ್ಕವರು ಡಬ್ಬಿ ಹಿಡಿದುಕೊಂಡು ಸಾಲಾಗಿ ಬಂದು, ಕಾದ ಬೆಂಚಿನ ಮೇಲೆ ಕೂರಲಾರದೆ ನಿಂತರು. ಗುಂಡುಸೂಜಿ ಬೆಂಚಿನ ತುದಿಯಲ್ಲಿ ನಿಂತು ಕೂಗಿದಳು: "ಗೋಡೆ ಕಡೆ ಎರಡು ಹೆಜ್ಜೆ! ಮಾವ, ನಿಧಾನ! ಇನ್ನೆರಡು! ಹಿಂದಿನ ಕಂಬ ಬೆಂಚಿನ ಆಚೆಗೆ! ಮಿಸ್, ನೀವು ಹಿಂದೆ ಬಿದ್ರಿ!" ನಾಲ್ಕು ಮಂದಿ ದೊಡ್ಡವರು ತುಟಿ ಬಿಗಿದುಕೊಂಡು, ಹೇಳಿದಂತೆ ಹೆಜ್ಜೆ ಇಟ್ಟರು. ಟಾರ್ಪಾಲು ತೇಲುವ ಮೋಡದ ಹಾಗೆ ಪಡುವಣಕ್ಕೆ ಸರಿಯಿತು. ಅದರ ಕೆಳಗೆ ನೆರಳು ನೆಲ ದಾಟಿತು, ಬೆಂಚಿನ ಕಾಲು ಹತ್ತಿತು, ಬೆಂಚನ್ನು ಪೂರಾ ಹೊದೆದುಕೊಂಡಿತು.

"ನಿಲ್ಲಿ!"

ಬಿಸಿಲು ಅಲ್ಲಿಗೆ ಆರಿತು. ಬೆಂಚಿಗೆ ಒಂದು ಕೊಡ ನೀರು ಸುರಿದು ಒರೆಸಿದ ಮೇಲೆ ಚಿಕ್ಕವರು ಒಬ್ಬೊಬ್ಬರಾಗಿ ಕೂತರು. ಡಬ್ಬಿಗಳು ತೆರೆದವು. ಅಜ್ಜಿ ದೂರದಲ್ಲಿ ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ನಿಂತು, ಕಣ್ಣಲ್ಲೇ ಮೇಲಿನವನಿಗೆ ನಮಸ್ಕಾರ ಹೇಳಿದಳು. ಬಿಸಿಲು ಕೊಟ್ಟವನೂ ಅವನೇ, ಅದನ್ನು ಸರಿಸುವವನೂ ಅವನೇ. ಅದರ ಹಿಂದೆ ನಡೆಯುವ ಬುದ್ಧಿಯನ್ನು ಈ ಗುಂಡುಸೂಜಿಗೂ ಒಂದಿಷ್ಟು ಕೊಟ್ಟನಲ್ಲ ಎಂದು.

ಹೆಡ್‌ಮಿಸ್ ಪೈಪು ಹಿಡಿದೇ, ಬೆವರು ಇಳಿಯುತ್ತಿದ್ದರೂ ಹೇಳಿದರು: "ಟಾರ್ಪಾಲು ಚಿಕ್ಕವರದ್ದು."

ಕಾವಲುಗಾರ ಏನೋ ಹೇಳಲು ಹೋಗಿ, ತಾನು ಕಂಬ ಎಂಬುದು ನೆನಪಾಗಿ ಸುಮ್ಮನಾದ.

ಮಕ್ಕಳು ಪೈಪುಗಳ ಬುಡಕ್ಕೆ ಸುಣ್ಣದ ಗುರುತು ಹಾಕಿದರು. "ನಾಳೆ ಬೆಳಿಗ್ಗೆ ಸಿಮೆಂಟು ತರ್ತೀನಿ," ಎಂದ ಗಾರೆಮಾವ, ಟೀಚರ್ ಕಣ್ಣು ತಪ್ಪಿಸಿ. ಗುಂಡುಸೂಜಿ ಸುಣ್ಣದ ಗುರುತನ್ನೇ ನೋಡುತ್ತಾ ನಿಂತಿದ್ದಳು.

"ಅಜ್ಜಿ, ಮಳೆ ಮುಗಿದು ಚಳಿ ಬರತ್ತಲ್ಲ. ಆಗಲೂ ಹನ್ನೆರಡೂವರೆಗೆ ನೆರಳು ಇಲ್ಲೇ ಬೀಳತ್ತಾ?"

ಅಜ್ಜಿಗೆ ಉತ್ತರ ಗೊತ್ತಿತ್ತು. ಚಳಿಗಾಲದಲ್ಲಿ ಮಿಷನ್ನು ಗುಳಿ ತಪ್ಪಿ ಬೇರೆ ಕಡೆ ಕೂರುತ್ತಿತ್ತು. ಆದರೂ ಅವಳು ಕೇಳಿದಳು: "ನಿಂಗೇನನ್ಸತ್ತೆ?"

"ಬೀಳಲ್ಲ ಅನ್ಸತ್ತೆ." ಮೊಮ್ಮಗಳು ಗಾರೆಮಾವನ ಕಡೆ ತಿರುಗಿದಳು. "ಮಾವ, ಸಿಮೆಂಟು ಬೇಡ. ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿ ಮರಳು ತುಂಬೋಣ. ತಿಂಗಳಿಗೊಂದು ಸಲ ಗಂಟೆ ಹೊಡೆದಾಗ ನೋಡಿ, ಬೇಕಾದಷ್ಟು ಸರಿಸ್ತೀವಿ. ಮುಂದಿನ ವರ್ಷ ನಾವು ಐದನೇ ಕ್ಲಾಸಿಗೆ ಹೋದ್ಮೇಲೆ ನಾಲ್ಕನೇ ಕ್ಲಾಸಿನವರು ಸರಿಸ್ತಾರೆ."

"ಡ್ರಮ್ ನಾನು ಕೊಡ್ತೀನಿ," ಎಂದ ಡ್ರೈವರ್ ಅಪ್ಪ. "ಶ್!" ಎಂದರು ಟೀಚರ್.

ಬೆಂಚಿನ ತುದಿಯಲ್ಲಿ ಕೂತಿದ್ದ ಎಲ್ಲರಿಗಿಂತ ಪುಟ್ಟ ಹುಡುಗಿಯೊಬ್ಬಳು ಬಾಯಿ ತುಂಬ ತುತ್ತು ಇಟ್ಟುಕೊಂಡು ಮೇಲೆ ನೋಡಿದಳು. ಪಕ್ಕದ ಕಂಬಕ್ಕೆ ಕೈ ಸೋತು, ಅದು ತುಸು ಓಲಾಡುತ್ತಿತ್ತು.

"ಮಿಸ್," ಎಂದಳು ಅವಳು ಹೆಡ್‌ಮಿಸ್‌ಗೆ, "ಅಲ್ಲಾಡ್ಬೇಡಿ. ನನ್ನ ಡಬ್ಬಿಗೆ ಬಿಸಿಲು ಬೀಳ್ತಿದೆ."

ಹೆಡ್‌ಮಿಸ್ ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಪೈಪನ್ನು ಅವುಚಿಕೊಂಡು ನೆಟ್ಟಗೆ ನಿಂತರು.